ನೀರು ಹೋಗೂದಿಲ್ಲ ಅನ್ನೋ ಮಾತು

ಮೋಟರ್ ಸುತ್ತುವವನ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರೋ ಮಾತೊಂದು ಇದೆ. "ಒಯ್ರಿ, ಏನೂ ಆಗೂದಿಲ್ಲ." ಗಡಹಿಂಗ್ಲಜ ಪೇಟೆಯಲ್ಲಿ ಮೂವತ್ತು ವರ್ಷದಿಂದ ರಿವೈಂಡಿಂಗ್ ಅಂಗಡಿ ನಡೆಸುತ್ತಿದ್ದೇನೆ. ಹಿರಣ್ಯಕೇಶಿ ದಂಡೆಯ ಕಬ್ಬಿನವರ ಪಂಪು, ಹಿಟ್ಟಿನ ಗಿರಣಿ ಮೋಟರು, ಬೋರಿನ ಸಬ್‌ಮರ್ಸಿಬಲ್ಲು, ಎಲ್ಲಾ ನನ್ನ ಕೈಯಿಂದ ಹಾದು ಹೋಗಿವೆ. ಹೋಗುವಾಗ ಪ್ರತಿಯೊಂದರ ಬೆನ್ನಿಗೂ ಈ ಮಾತು ಕಟ್ಟಿ ಕಳಿಸಿದ್ದೇನೆ. ವಾಚನಾಲಯದ ಹುಡುಗರು "ಈ ಸಲ ನೀವೂ ಏನರ ಬರೀರಿ ಕಾಕಾ" ಅಂದಾಗ, ಬರೆಯೋದಾದರೆ ಈ ಮಾತಿನ ಬಗ್ಗೇನೇ ಬರೀಬೇಕು ಅನ್ನಿಸಿತು. ಯಾಕಂದರೆ ಇದರಿಂದ ಎರಡು ಸಲ ನನ್ನ ಮನೆಯವರೇ ನೀರಿನ ಬಾಯಿಗೆ ಹೋಗಿ ಬಂದಿದ್ದಾರೆ. ಒಂದು ಸಲ ನನ್ನ ಮಾತು ಸುಳ್ಳಾಗಿತ್ತು. ಇನ್ನೊಂದು ಸಲ ಖರೇನೇ ಆಗಿತ್ತು.

ಎರಡನೇದನ್ನ ಮೊದಲು ಹೇಳುತ್ತೇನೆ.

ಇಚಲಕರಂಜಿಯ ಅಕ್ಕನ ಮಗ ಹೋದ ವರ್ಷ ಗಣಪತಿ ಸೂಟಿಗೆ ನಮ್ಮ ಊರಿಗೆ ಬಂದಿದ್ದ. ಹದಿಮೂರು ವರ್ಷದ ಹುಡುಗ. ಬಗಲಲ್ಲಿ ಒಂದು ರಿಮೋಟ್ ಗಾಡಿ, ಒಂದೂವರೆ ಫೂಟು ಉದ್ದ, ಮೆತ್ತನೆ ರಬ್ಬರಿನ ದೊಡ್ಡ ಗಾಲಿ. ಯಾರೋ ಓಡಿಸಿ ಬಿಟ್ಟಿದ್ದನ್ನ ಅರ್ಧ ಬೆಲೆಗೆ ತಗೊಂಡಿದ್ದನಂತೆ. "ಎಷ್ಟು ಜೋರ ಓಡತೈತೋ?" ಅಂದೆ. "ಮಾಮಾ, ಇದು ಓಡೂದಿಲ್ಲ, ಏರತೈತಿ. ರಾಕ್ ಕ್ರಾಲರ್ ಅಂತಾರ ಇದಕ" ಅಂದ. ಖರೇ, ನಮ್ಮ ಹಿತ್ತಲಿನ ಕಲ್ಲಿನ ರಾಶಿಯನ್ನ ಅದು ಹಲ್ಲಿ ಗೋಡೆ ಏರಿದಂಗೆ ಸಾವಕಾಶ ಏರಿತು. ನೋಡೋಕೆ ಚಂದ. ಮರುದಿನ ಮಳೆ ನಿಂತ ಮೇಲೆ ಹಿತ್ತಲ ರಾಡಿಯಲ್ಲಿ ಇಳಿಸಿದ. ಗಾಲಿ ಅರ್ಧ ಮುಳುಗೋ ನೀರು, ಅಷ್ಟೇ. ಮುಂದಿನ ಗಾಲಿ ಚಳಿಜ್ವರ ಬಂದಂಗೆ ನಡುಗಿದವು, ಗಾಡಿ ನಿಂತಿತು. ಹುಡುಗ ಅಳಲಿಲ್ಲ. ಅತ್ತಿದ್ದರೆ ಪೇಡೆ ಕೊಟ್ಟು ಸಮಾಧಾನ ಮಾಡುತ್ತಿದ್ದೆ. ಸುಮ್ಮನೆ ಗಾಡಿ ಎತ್ತಿಕೊಂಡು ನನ್ನ ಅಂಗಡಿ ಬಾಗಿಲಿಗೆ ಬಂದು ನಿಂತ.

ಬಿಚ್ಚಿ ನೋಡಿದರೆ ಒಳಗೆ ಐದು ಸಾಮಾನು. ಬ್ಯಾಟರಿ, ಗಾಲಿ ತಿರುಗಿಸೋ ಮೋಟರು, ಅದಕ್ಕೆ ಕರೆಂಟು ಹೆಚ್ಚು ಕಡಿಮೆ ಮಾಡೋ ಕಂಟ್ರೋಲರು, ಮುಂದಿನ ಗಾಲಿ ಎಡಕ್ಕೆ ಬಲಕ್ಕೆ ಹೊರಳಿಸೋ ಸರ್ವೋ, ರಿಮೋಟಿನ ಮಾತು ಕೇಳಿ ಇವರಿಗೆಲ್ಲಾ ಹೇಳೋ ರಿಸೀವರು. ಇದರಲ್ಲಿ ನಾವು ಹೆದರೋದು ಮೋಟರಿಗೆ, ಆದರೆ ಅದು ಸಾಯೋದಿಲ್ಲ. ಕಾರ್ಬನ್ ಬ್ರಶ್ ಇರೋ ಸಣ್ಣ ಡಿಸಿ ಮೋಟರು ನೀರಿನಲ್ಲಿ ಮುಳುಗಿದರೂ ತಿರುಗುತ್ತದೆ. ಆಮೇಲೆ ಬ್ರಶ್ ಬೇಗ ಸವೆಯುತ್ತದೆ, ಬೇರಿಂಗಿಗೆ ತುಕ್ಕು ಹತ್ತುತ್ತದೆ, ಅದು ಬೇರೆ. ನೀರು ಕಂಡರೆ ಸಾಯೋದು ಮಾತು ಕೇಳೋ ಜಾತಿಯವು, ರಿಸೀವರು ಮತ್ತು ಸರ್ವೋ.

ನನ್ನ ಹತ್ತಿರ ಬಾತ್‌ರೂಮಿನ ಸಂದಿಗೆ ಹಚ್ಚೋ ಸಿಲಿಕಾನ್ ಟ್ಯೂಬು ಇತ್ತು. ಬೋರ್ಡಿನ ಮೇಲೆ ಅದನ್ನೇ ಬಳಿಯೋಕೆ ಹೋದೆ. ಮೂಗಿಗೆ ವಿನಿಗರ್ ವಾಸನೆ ಬಡಿಯಿತು, ಕೈ ಹಿಂದೆ ತಗೊಂಡೆ. ಆ ಜಾತಿಯ ಸಿಲಿಕಾನ್ ಒಣಗುವಾಗ ಆಸಿಡ್ ಬಿಡುತ್ತದೆ, ಆಸಿಡ್ ತಾಮ್ರ ತಿನ್ನುತ್ತದೆ. ನೀರಿನಿಂದ ಉಳಿಸಲು ಹಚ್ಚಿದ್ದೇ ಒಳಗಿನಿಂದ ತಿಂದು ಹಾಕುತ್ತಿತ್ತು. ಬೋರ್ಡು ಒರೆಸಿ, ಒಣಗಿಸಿ, ವೈಂಡಿಂಗಿಗೆ ಹಾಕೋ ವಾರ್ನಿಶನ್ನ ತೆಳ್ಳಗೆ ಎರಡು ಸಲ ಹಚ್ಚಿದೆ, ಪಿನ್ನುಗಳನ್ನ ಬಿಟ್ಟು. ಸರ್ವೋದ ನಾಲ್ಕು ಸ್ಕ್ರೂ ಬಿಚ್ಚಿ ಅದರ ಹೊಲಿಗೆಗೆಲ್ಲಾ ಗ್ರೀಸು ತುಂಬಿದೆವು, ತಿರುಗೋ ಕಡ್ಡಿಯ ಬುಡಕ್ಕೆ ಸಣ್ಣ ರಬ್ಬರ್ ರಿಂಗು. ರಿಸೀವರನ್ನ ಮುಚ್ಚಳಕ್ಕೆ ರಬ್ಬರ್ ಇರೋ ಒಂದು ಸಣ್ಣ ಡಬ್ಬಿಯಲ್ಲಿ ಕೂರಿಸಿದೆವು. ನೀರು ಡಬ್ಬಿಯ ಗೋಡೆ ಒಡೆದು ಬರೋದಿಲ್ಲ, ವಾಯರು ಹೊರಗೆ ಬರೋ ತೂತಿನಿಂದ ಬರುತ್ತದೆ. ಅಲ್ಲೇ ಹುಡುಗ ಜಾಸ್ತಿ ಹೊತ್ತು ಕುಂತ. ಇನ್ನೊಂದು ಮಾತು ಹೇಳಿಕೊಟ್ಟೆ. ಗಾಡಿ ಓಡಿ ಓಡಿ ಡಬ್ಬಿ ಬಿಸಿಯಾಗಿದ್ದಾಗ ಫಕ್ಕನೆ ತಣ್ಣೀರಿಗೆ ಇಳಿಸಬೇಡ. ಒಳಗಿನ ಗಾಳಿ ತಣ್ಣಗಾಗಿ ಕುಗ್ಗುತ್ತದೆ, ಕುಗ್ಗುವಾಗ ಕೂದಲೆಳೆಯಷ್ಟು ಸಂದಿ ಇದ್ದರೂ ನೀರನ್ನ ಒಳಗೆ ಎಳೆದುಕೊಳ್ಳುತ್ತದೆ. ಟ್ರ್ಯಾಕ್ಟರಿನ ಗೇರ್‌ಬಾಕ್ಸಿನಲ್ಲಿ ನೀರು ಸೇರೋದೂ ಹಿಂಗೇ.

ಮೂರು ಸಂಜೆ ಕೆಲಸ ನಡೆಯಿತು. ಕಡೆಗೆ ಡಬ್ಬಿಯೊಳಗೆ ಒಂದು ಚೂರು ಕಾಗದ ಇಟ್ಟು, ಮುಚ್ಚಿ, ರಾತ್ರಿಯೆಲ್ಲಾ ಬಕೆಟ್ ನೀರಿನ ತಳಕ್ಕೆ ಕಲ್ಲು ಹೇರಿ ಇಟ್ಟೆವು. ಬೆಳಿಗ್ಗೆ ಕಾಗದ ಒಣಗಿದ ಹಪ್ಪಳದಂಗೆ ಇತ್ತು.

"ಮಾಮಾ, ಇನ್ನ ನೀರ ಹೋಗೂದಿಲ್ಲಲಾ?"

"ಹೋಗೂದಿಲ್ಲ."

ಮಧ್ಯಾಹ್ನ ಹಳ್ಳಕ್ಕೆ ಹೋದೆವು. ಮೂರು ದಿನದ ಮಳೆಗೆ ಕೆಂಪು ನೀರು, ಅಂಚಿನಲ್ಲಿ ಪಾದದಷ್ಟು, ನಡುವೆ ತೊಡೆ ಮಟ. ಗಾಡಿ ಅಂಚಿನಲ್ಲಿ ಕಲ್ಲು ಏರಿತು, ಇಳಿಯಿತು, ನೀರು ಕುಡಿದು ಎದ್ದಿತು. ಹುಡುಗನ ಮುಖ ನೋಡಬೇಕಿತ್ತು. ನಾನು ಪರಿಚಯದವರೊಬ್ಬರು ಸಿಕ್ಕರು ಅಂತ ಮಾತಿಗೆ ನಿಂತೆ. ಗಾಡಿ ನಡುವಿಗೆ ಹೋಯಿತು, ಪೂರಾ ಮುಳುಗಿತು, ಮತ್ತೆ ಏಳಲಿಲ್ಲ. ಅರಿವೆ ಒಗೆಯುತ್ತಿದ್ದ ಹೆಣ್ಣುಮಗಳೊಬ್ಬಳು "ಏ ಹುಡುಗಾ! ಏ!" ಅಂತ ಚೀರಿದಾಗ ತಿರುಗಿ ನೋಡಿದೆ. ನಮ್ಮ ಹುಡುಗ ಸೊಂಟದ ತನಕ ನೀರಿನಲ್ಲಿದ್ದ, ಕಾಲ ಕೆಳಗಿನ ಕಲ್ಲು ಜಾರುತ್ತಿತ್ತು. ನಾನು ಹೆಂಗೆ ಇಳಿದೆನೋ, ಹೆಂಗೆ ಹಿಡಿದೆನೋ. ಅವನ ಅಂಗಿಯ ಕಾಲರು ಹರಿದು ನನ್ನ ಕೈಯಲ್ಲಿ ಉಳಿದಿತ್ತು, ಮೈ ಆಮೇಲೆ ಸಿಕ್ಕಿತು.

ದಂಡೆಗೆ ತಂದು ಎರಡು ಏಟು ಹಾಕಿದೆ. "ನೀರಿಗೆ ಯಾಕ ಇಳದಿ?" ಅಂದೆ. ಅವನು ಅಂದ, "ನೀವಽ ಹೇಳಿದ್ರೆಲಾ ಮಾಮಾ, ನೀರ ಹೋಗೂದಿಲ್ಲ ಅಂತ. ಗಾಡಿ ಕೆಟ್ಟಿಲ್ಲ ಅಂತ ನಂಗ ಗೊತ್ತಿತ್ತು. ಸುಮ್ನ ಸಿಕ್ಕೊಂಡೈತಿ ಅಂತ ತರಾಕ ಹೋದ್ನಿ."

ಅವನ ಲೆಕ್ಕ ಸರಿ ಇತ್ತು. ಗಾಡಿ ಕೆಟ್ಟಿರಲಿಲ್ಲ. ಎರಡು ದಿನ ಬಿಟ್ಟು ನೀರು ಇಳಿದ ಮೇಲೆ ಕೆಳಗಿನ ಲಕ್ಕಿ ಪೊದೆಯಲ್ಲಿ ಸಿಕ್ಕಿತು. ಡಬ್ಬಿ ತೆಗೆದೆ. ಕಾಗದದ ಚೂರು ಇನ್ನೂ ಒಣಗೇ ಇತ್ತು. ಆಗಿದ್ದೇನು ಅಂದರೆ, ಈ ರಿಮೋಟುಗಳು 2.4 ಗಿಗಾಹರ್ಟ್ಝ್ ಅಲೆಯಲ್ಲಿ ಮಾತಾಡುತ್ತವೆ, ಆ ಅಲೆಯನ್ನ ನೀರು ನುಂಗಿಬಿಡುತ್ತದೆ. ಗಾಡಿ ಮುಳುಗಿದ ಮೇಲೆ ಹುಡುಗನ ಮಾತು ಅದಕ್ಕೆ ಕೇಳಲಿಲ್ಲ. ಕೇಳದಿದ್ದರೆ ನಿಲ್ಲು ಅಂತ ಅದಕ್ಕೆ ಕಲಿಸಿರುತ್ತಾರೆ, ನಿಂತಿತು. ಡಬ್ಬಿಯೊಳಗೆ ನೀರು ಹೋಗದಂಗೆ ನೋಡಿದೆವು. ಡಬ್ಬಿಗೂ ಹುಡುಗನಿಗೂ ನಡುವೆ ನೀರು ಬಂದರೆ ಏನು ಅಂತ ಕೇಳಲೇ ಇಲ್ಲ.

ಇನ್ನು ಮೊದಲಿನದು.

ಆಗಸ್ಟ್ 2019. ಆ ವರ್ಷದ ಪಂಚಗಂಗೆಯನ್ನ ನಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಕೋಲ್ಹಾಪುರದ ರಾಜಾರಾಮ ಬಂಧಾರೆಯಲ್ಲಿ 39 ಫೂಟಿಗೆ ಎಚ್ಚರಿಕೆ, 43 ಫೂಟಿಗೆ ಅಪಾಯ ಅಂತ ಗುರುತು. ಆ ಸಲ ನೀರು 55 ಫೂಟು ದಾಟಿತು. ನಮ್ಮ ಭಾವ ಇಚಲಕರಂಜಿಯಲ್ಲಿ ನದಿ ಕಡೆಯ ಗಲ್ಲಿಯಲ್ಲಿ ನಾಲ್ಕು ಪಾವರಲೂಮ್ ಇಟ್ಟುಕೊಂಡಿದ್ದರು. ಖರ್ಚಿವಾಲಾ ಮಗ್ಗ, ಅಂದರೆ ನೂಲು ಸಾವಕಾರನದು, ನೇಯೋದು ಇವರದು. 1904ರಲ್ಲಿ ಮೊದಲ ಪಾವರಲೂಮ್ ಬಂದಾಗಿನಿಂದ ಆ ಊರು ಹೊತ್ತು ಗೊತ್ತಿಲ್ಲದೆ ಖಟಖಟ ಅನ್ನುತ್ತಲೇ ಇದೆ. ಮಗ್ಗದ ಸದ್ದು ನಿಂತರೆ ಅಲ್ಲಿನ ಕೂಸುಗಳು ನಿದ್ದೆಯಿಂದ ಏಳುತ್ತವೆ ಅಂತ ಅಕ್ಕ ನಗುತ್ತಾಳೆ. ಭಾವನ ಮನೆ ಗೋಡೆಯ ಮೇಲೆ 2005ರ ಮಹಾಪೂರದ ನೀರು ಎಲ್ಲಿಗೆ ಬಂದಿತ್ತು ಅಂತ ಬಣ್ಣದ ಗೆರೆ ಇತ್ತು. ಭಾವ ಫೋನ್ ಮಾಡಿದರು. "ಏನ್ ಮಾಡೂಣು? ಎಲ್ಲಾ ಹೇರಿಕೊಂಡ ಹೋಗೂಣೋ, ಮ್ಯಾಲ ಎತ್ತಿ ಇಡೂಣೋ?"

ಮೋಟರಿನ ವಿಷಯದಲ್ಲಿ ನಾನು ಮನೆಯ ಪಂಡಿತ. "ಗೆರೀಗಿಂತ ಎರಡು ಫೂಟ ಮ್ಯಾಲ ಹಲಗಿ ಕಟ್ಟಿ ಮೋಟರು, ಬೀಮು ಇಡ್ರಿ. ಅಲ್ಲೀತನ ನೀರ ಬರೂದಿಲ್ಲ" ಅಂದೆ. ಗೆರೆ ನೋಡಿದ್ದೆ, ಎರಡು ಫೂಟು ಸೇರಿಸಿದ್ದೆ, ಇದು ಶಹಾಣತನ ಅಂತ ಅಂದುಕೊಂಡಿದ್ದೆ.

ನೀರು ಹಲಗೆ ಮುಟ್ಟಿತು, ದಾಟಿತು. ಮೋಟರು ಹೋದರೆ ಹೋಗಲಿ, ಅವನ್ನ ಸುತ್ತೋಕೆ ನಾನಿದ್ದೇನೆ. ಗಂಜಿ ಹಾಕಿದ ಬೀಮಿನ ನೂಲು ನೀರು ಕುಡಿದು ಹುಳಿತು ನಾತ ಹೊಡೆಯಿತು, ಅದೂ ಹೋಗಲಿ. ಭಾವ ಅಕ್ಕನನ್ನೂ ಹುಡುಗನನ್ನೂ ಶಾಳೆಗೆ ಕಳಿಸಿ, ತಾವು ಆ ಹಲಗೆ ಕಾಯುತ್ತಾ ಮಾಳಿಗೆ ಮೆಟ್ಟಿಲ ಮೇಲೆ ಎರಡು ರಾತ್ರಿ ಕುಂತಿದ್ದರು. ನೀರು ಅಲ್ಲೀತನಕ ಬರೋದಿಲ್ಲ ಅಂತ ನಾನು ಹೇಳಿದ್ದೆನಲ್ಲ. ಮೂರನೇ ದಿನ ದೋಣಿಯವರು ಕಿಡಕಿಯಿಂದ ಇಳಿಸಿಕೊಂಡರು. ನಾನು ಹೋಗಬೇಕು ಅಂದರೆ ಹೆದ್ದಾರಿಯೇ ಬಂದು. ನಿಪ್ಪಾಣಿ ಹತ್ತಿರ ಯಮಗರ್ಣಿಯಲ್ಲಿ ವೇದಗಂಗೆ ರಸ್ತೆಯ ಮೇಲೆ ಹರಿಯುತ್ತಿತ್ತು. ನೀರು ಇಳಿದ ಮೇಲೆ ಹೋದೆ. ನಾಲ್ಕೂ ಮೋಟರು ತಂದು ಪುಕ್ಕಟೆ ಸುತ್ತಿ ಕೊಟ್ಟೆ. ಭಾವ ಈವತ್ತಿಗೂ ಒಂದು ಮಾತು ಅಂದಿಲ್ಲ. ಅಕ್ಕ ಒಂದೇ ಸಲ ಅಂದಳು, ಅದೂ ಚಹಾ ಕೊಡುವಾಗ, ನನ್ನ ಮುಖ ನೋಡದೆ. "ನೀ ಹೇಳಿದಿ ಅಂತ ಅವರು ಕುಂತ್ರು."

ಈ ಎರಡನ್ನೂ ಬಾಜೂಕ ಬಾಜೂಕ ಇಟ್ಟು ಬಹಳ ದಿನ ಯೋಚನೆ ಮಾಡಿದ್ದೇನೆ. 2019ರಲ್ಲಿ ತಪ್ಪು ಎಲ್ಲಿದೆ ಅಂತ ಸುಲಭವಾಗಿ ಹೇಳಬಹುದು: ಗೊತ್ತಿಲ್ಲದ್ದನ್ನ ಗೊತ್ತಿದ್ದಂಗೆ ಹೇಳಿದೆ. ಅಷ್ಟೇ ಆಗಿದ್ದರೆ ಇದನ್ನ ಬರೆಯುತ್ತಿರಲಿಲ್ಲ, ಸುಳ್ಳು ಹೇಳಬಾರದು ಅಂತ ಒಂದನೇ ಇಯತ್ತೆಯ ಮಗುವಿಗೂ ಗೊತ್ತು. ಹಳ್ಳದ ದಂಡೆಯಲ್ಲಿ ಹೇಳಿದ್ದು ಮಾತ್ರ ಅಕ್ಷರಶಃ ಖರೇ. ಪರೀಕ್ಷೆ ಮಾಡಿ, ಕಾಗದ ಇಟ್ಟು ನೋಡಿ ಹೇಳಿದ ಮಾತು. ಖರೇ ಮಾತಿಗೂ ಸುಳ್ಳು ಮಾತಿಗೂ ಒಂದೇ ಫಲ ಬಂದರೆ, ತಪ್ಪು ಮಾತಿನ ಖರೇ-ಸುಳ್ಳಿನಲ್ಲಿ ಇರಲಿಲ್ಲ ಅಂತಾಯಿತು. ಹಾಗಾದರೆ ಎಲ್ಲಿತ್ತು?

ನನಗೆ ಅನ್ನಿಸೋದು ಇಷ್ಟು. ಹುಡುಗ ಕೇಳಿದ್ದು ಡಬ್ಬಿಯ ಬಗ್ಗೆ. ನಾನು ಉತ್ತರ ಕೊಟ್ಟಿದ್ದೂ ಡಬ್ಬಿಯ ಬಗ್ಗೆ. ಆದರೆ ಅವನು ಆ ಉತ್ತರದ ಮೇಲೆ ಕಾಲಿಟ್ಟು ನಡೆಯೋನಿದ್ದ, ಹಲಗೆಯ ಮೇಲೆ ನಡೆದಂಗೆ. ಹಲಗೆ ಎಷ್ಟು ಉದ್ದ, ಎಲ್ಲಿ ಮುಗಿಯುತ್ತದೆ ಅನ್ನೋದನ್ನ ಹೇಳೋ ಕೆಲಸ ಹಲಗೆ ಹಾಕಿದವನದು. ನಡೆಯೋನು ಹದಿಮೂರು ವರ್ಷದವನಾದರೆ ಇನ್ನೂ ಹೆಚ್ಚು.

ಕಂಪನಿಯವರ ಒಂದು ರೂಢಿ ನನಗೆ ಸೇರುತ್ತದೆ. ಮೋಟರು, ಮೊಬೈಲುಗಳ ಮೇಲೆ ಐಪಿ 67 ಅಂತ ಬರೆದಿರುತ್ತಾರೆ, ನೋಡಿರುತ್ತೀರಿ. 6 ಅಂದರೆ ಧೂಳು ಒಳಗೆ ಹೋಗೋದಿಲ್ಲ. 7 ಅಂದರೆ 1 ಮೀಟರ್ ನೀರಿನಲ್ಲಿ 30 ನಿಮಿಷ. ಅಷ್ಟೇ. ಒಂದೂವರೆ ಮೀಟರಿಗೆ, ಒಂದು ತಾಸಿಗೆ ಜವಾಬ್ದಾರಿ ಇಲ್ಲ, ಅದೂ ನಿಂತ ತಿಳಿನೀರಿಗೆ ಹೇಳಿದ್ದು, ನಮ್ಮ ಹಳ್ಳದ ರಾಡಿಗೆ ಹೇಳಿದ್ದಲ್ಲ. ಗಡಿಯಾರದವರೂ ಈಗ ವಾಟರ್‌ಪ್ರೂಫ್ ಅಂತ ಬರೆಯೋದು ಬಿಟ್ಟು ವಾಟರ್ ರೆಸಿಸ್ಟಂಟ್ ಅಂತ ಬರೆಯುತ್ತಾರೆ. ನೀರು ಹೋಗೂದಿಲ್ಲ ಅನ್ನೋದು ಬೇರೆ, ಇಷ್ಟರ ತನಕ ತಡಕೋತೈತಿ ಅನ್ನೋದು ಬೇರೆ.

ನಮ್ಮ ಹಿರಿಯರಿಗೆ ಈ ವ್ಯತ್ಯಾಸ ಗೊತ್ತಿತ್ತು ಅನ್ನೋದಕ್ಕೆ ನಮ್ಮ ಹೊಳೆಯೇ ಸಾಕ್ಷಿ. ಕೋಲ್ಹಾಪುರ ಮಾದರಿ ಬಂಧಾರೆ ಅಂತ ಮಹಾರಾಷ್ಟ್ರದ ತುಂಬೆಲ್ಲಾ ನಮ್ಮ ಜಿಲ್ಲೆಯ ಹೆಸರಿನಲ್ಲೇ ಕರೆಯುತ್ತಾರಲ್ಲ, ಅದನ್ನ ದಿನಾ ನೋಡುತ್ತೇವೆ, ನೋಡಿ ನೋಡಿ ಮರೆತಿದ್ದೇವೆ. ಸಾಲಾಗಿ ಕಲ್ಲಿನ ಕಂಬ, ಕಂಬಗಳಲ್ಲಿ ಗಾಡಿ ಕೊರೆದಂಗೆ ಸಂದು. ಮಳೆಗಾಲ ಮುಗಿದ ಮೇಲೆ ಆ ಸಂದಿನಲ್ಲಿ ಎರಡು ಸಾಲು ಬರಗೆ, ಅಂದರೆ ಹಲಗೆ, ಇಳಿಸಿ ನಡುವೆ ಮಣ್ಣು ತುಂಬಿ ನೀರು ನಿಲ್ಲಿಸುತ್ತಾರೆ. ಮಿರುಗ ಹತ್ತಿರ ಬಂತು ಅಂದರೆ ಎಲ್ಲಾ ಬರಗೆ ಕಿತ್ತು ದಂಡೆಗೆ ಒಟ್ಟುತ್ತಾರೆ, ಹೊಳೆ ತನ್ನ ಪಾಡಿಗೆ ಹರಿದು ಹೋಗಲಿ ಅಂತ. ಎಂಟು ತಿಂಗಳು ನೀರಿಗೆ ನಿಲ್ಲು ಅನ್ನೋ ಗೋಡೆ, ನಾಲ್ಕು ತಿಂಗಳು ನೀನು ದೊಡ್ಡವ ಹೋಗು ಅನ್ನುತ್ತದೆ. ಬರಗೆ ತೆಗೆಯೋದನ್ನ ಮರೆತ ವರ್ಷ ಬಂಧಾರೆಯೂ ಉಳಿಯೋದಿಲ್ಲ, ಬಾಜೂಕಿನ ಹೊಲವೂ ಉಳಿಯೋದಿಲ್ಲ. ನರಸೋಬಾವಾಡಿಯಲ್ಲೂ ಹಿಂಗೇ. ಕೃಷ್ಣೆ ಪಂಚಗಂಗೆ ಏರಿದಾಗ ದತ್ತನ ಗುಡಿಗೆ ನೀರು ಬರೋದಿಲ್ಲ ಅಂತ ಯಾರೂ ಹೇಳೋದಿಲ್ಲ. ನೀರು ಪಾದುಕೆಯ ಮೇಲೆ ಹಾದು ದಕ್ಷಿಣದ ಬಾಗಿಲಿನಿಂದ ಹೊರಗೆ ಹೋಗುತ್ತದೆ, ಅದನ್ನೇ ದಕ್ಷಿಣದ್ವಾರ ಸೋಹಳಾ ಅಂತ ಜನ ಸ್ನಾನಕ್ಕೆ ಹೋಗುತ್ತಾರೆ. ಉತ್ಸವಮೂರ್ತಿಯನ್ನ ಮೊದಲೇ ಮೇಲಕ್ಕೆ ಒಯ್ದಿರುತ್ತಾರೆ.

ನನ್ನ ಧಂದೆಯಲ್ಲೇ ಇನ್ನೊಂದು ಉದಾಹರಣೆ ಇದೆ, ರೈತರಿಗೆ ಹೇಳಿದರೆ ಅರ್ಧ ಜನ ನಂಬೋದಿಲ್ಲ. ಬೋರಿನ ಸಬ್‌ಮರ್ಸಿಬಲ್ ಮೋಟರುಗಳಲ್ಲಿ ಬಹಳಷ್ಟರ ಒಳಗೆ ನಾವೇ ನೀರು ತುಂಬಿ ಕೆಳಗೆ ಬಿಡುತ್ತೇವೆ. ತಾಮ್ರದ ತಂತಿಗೆ ಪ್ಲಾಸ್ಟಿಕ್ ಹೊದಿಕೆ ಹಾಕಿರುತ್ತಾರೆ, ಒಳಗಿನ ನೀರೇ ಅದನ್ನ ತಣ್ಣಗಿಡುತ್ತದೆ, ಬೇರಿಂಗಿಗೆ ಎಣ್ಣೆಯ ಬದಲು ನೀರೇ. ತಿಳಿನೀರು ತುಂಬದೆ ಹಾಗೇ ಇಳಿಸಿದವರ ಮೋಟರು ಸುಟ್ಟು ವಾಪಸು ನನ್ನ ಹತ್ತಿರ ಬರುತ್ತದೆ.

ಈ ವಿಚಾರವನ್ನ ವಾಚನಾಲಯದ ಕಟ್ಟೆಯ ಮೇಲೆ ತೆಗೆದಾಗ ಶಾಳೆಯ ಗುರುಗಳೊಬ್ಬರು ಒಪ್ಪಲಿಲ್ಲ. ಅವರ ಮಾತು ಇಲ್ಲಿ ಬರೆಯದಿದ್ದರೆ ಅನ್ಯಾಯ. "ಎಲ್ಲಾದಕ್ಕೂ ಗೆರೀ ಹಾಕಿ ಮಾತಾಡಿದ್ರ ಯಾರೂ ಬಾಯಿ ಬಿಡಂಗಿಲ್ಲ. ಪರೀಕ್ಷಾಕ್ಕ ಹೊಂಟ ಹುಡುಗ ಹೆದರಿರತೈತಿ, ಏನೂ ಆಗೂದಿಲ್ಲ ಹೋಗೋ ಅಂತೀನಿ. ನೂರಕ್ಕ ಮೂವತ್ತೈದು ತಗೀತೀಯೋ ಇಲ್ಲೋ ಗೊತ್ತಿಲ್ಲ ಅಂತ ಹೇಳ್ಲೇನು?" ಬಾಣಂತಿಗೆ, ಆಪರೇಶನ್ನಿಗೆ ಹೊರಟವರಿಗೆ, ಕತ್ತಲಿಗೆ ಹೆದರಿದ ಕೂಸಿಗೆ ನಾವೆಲ್ಲಾ ಏನೂ ಆಗೂದಿಲ್ಲ ಅಂತೇವೆ. ಅದು ಸುಳ್ಳೂ ಅಲ್ಲ, ಖರೇನೂ ಅಲ್ಲ, ಕೈ ಹಿಡಿಯೋ ರೀತಿ. ಗುರುಗಳ ಮಾತಿಗೆ ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಅರ್ಧ ಉತ್ತರ ಇದೆ. ಕೂಸಿಗೆ ಏನೂ ಆಗೂದಿಲ್ಲ ಅನ್ನೋ ತಾಯಿ ಕೂಸನ್ನ ತೊಡೆಯ ಮೇಲಿಂದ ಇಳಿಸೋದಿಲ್ಲ. ನಾನು ಅದೇ ಮಾತು ಫೋನಿನಲ್ಲಿ ಹೇಳಿ ಊಟಕ್ಕೆ ಕುಂತೆ, ಹಳ್ಳದಲ್ಲಿ ಹೇಳಿ ಪರಿಚಯದವರ ಸಂಗಡ ಮಾತಿಗೆ ನಿಂತೆ.

ಹಂಗಂತ ಗೊತ್ತಿಲ್ಲ ಅಂದುಬಿಟ್ಟರೆ ಕೈ ತೊಳಕೊಂಡಂಗಾಯಿತೇ? ಅದನ್ನೂ ಮಾಡಿ ನೋಡಿದ್ದೇನೆ. ಜುಲೈ 2021ರಲ್ಲಿ ಮತ್ತೆ ಮಳೆ ಜೋರು ಹಿಡಿದಾಗ ಭಾವ ಫೋನ್ ಮಾಡಿದರು. ಎರಡು ವರ್ಷದ ಹಿಂದಿನದು ನೆನಪಿತ್ತು. "ನಂಗ ಗೊತ್ತಿಲ್ಲ ಭಾವ" ಅಂದೆ. ಖರೇ ಹೇಳಿದೆ ಅಂತ ಹಗುರವೂ ಆಯಿತು. ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ, ಬರೀ ಮಗ್ಗದ ಸಪ್ಪಳ. ಆಮೇಲೆ ಅಂದರು, "ನಿಂಗೂ ಗೊತ್ತಿಲ್ಲಂದ್ರ ನಾ ಏನ್ ಮಾಡ್ಲಿ?" ಆಗ ತಿಳಿಯಿತು, ಈ ಗೊತ್ತಿಲ್ಲ ಅನ್ನೋದೂ ನನ್ನ ಮೈಗೆ ನೀರು ತಾಗದಂಗೆ ನಾನು ಹಚ್ಚಿಕೊಂಡ ಗ್ರೀಸೇ. ಟೆಂಪೋದವನನ್ನ ಎಬ್ಬಿಸಿ ರಾತ್ರಿಯೇ ಹೊರಟೆವು. ಮೋಟರು, ಬೀಮು, ಅಕ್ಕನ ಪಾತ್ರೆ, ಅಟ್ಟದ ಗೋದಿ, ಎಲ್ಲಾ ಹೇರಿಕೊಂಡು ರಸ್ತೆ ಬಂದಾಗೋ ಮೊದಲು ಗಡಹಿಂಗ್ಲಜಕ್ಕೆ ಬಂದೆವು. ಭಾವ ದಾರಿಯುದ್ದಕ್ಕೂ ಬೀಮಿಗೆ ತಾಡಪತ್ರಿ ಸರಿ ಮಾಡುತ್ತಿದ್ದರು.

ಇಷ್ಟು ಕಲಿತವನು ಮತ್ತೆ ಹುಡುಗನಿಗೆ "ಹೋಗೂದಿಲ್ಲ" ಅಂತ ಯಾಕೆ ಅಂದೆ ಅಂತ ನೀವು ಕೇಳಬಹುದು. ಆಟಿಗೆ ಸಾಮಾನು ಅಂತ ಅಂದೆ. ಮಹಾಪೂರಕ್ಕೆ ಒಂದು ನಿಯಮ, ಆಟಕ್ಕೆ ಒಂದು ನಿಯಮ ಅಂದುಕೊಂಡಿದ್ದೆ. ಅದಕ್ಕಿಂತ ದೊಡ್ಡ ಕಾರಣ ಇಲ್ಲ.

ಈಗ ಅಂಗಡಿಯಲ್ಲಿ ಪ್ರತಿ ಮೋಟರಿಗೂ ಒಂದು ಚೀಟಿ ಕಟ್ಟುತ್ತೇನೆ. ಮೆಗ್ಗರಿನಲ್ಲಿ ಎಷ್ಟು ತೋರಿಸಿತು, ತಿಳಿನೀರು ತುಂಬಿಯೇ ಇಳಿಸಬೇಕು, ನೀರಿಲ್ಲದೆ ಓಡಿಸಿದರೆ ಸುಡುತ್ತದೆ, ಸ್ಟಾರ್ಟರು ಬಾವಿಯ ದಂಡೆಯಲ್ಲಿ ಬಿಟ್ಟು ಮಳೆಗೆ ಕೊಡಬೇಡಿ, ಒದ್ದೆ ಕೈಯಲ್ಲಿ ಮುಟ್ಟಬೇಡಿ. ಕೆಲವರು ಓದುತ್ತಾರೆ. ಬಹಳ ಜನ "ಅದೆಲ್ಲಾ ಇರ್ಲಿ, ಗ್ಯಾರಂಟಿ ಕೊಡ್ತೀಯೋ ಇಲ್ಲೋ?" ಅಂತಾರೆ. ಇಷ್ಟಕ್ಕೆ ಕೊಡ್ತೀನಿ, ಇಷ್ಟಕ್ಕೆ ಇಲ್ಲ ಅಂತ ಹೇಳೋಕೆ ಹೋದರೆ ಮೋಟರು ಹೆಗಲಿಗೆ ಏರಿಸಿ ಬೇರೆ ಅಂಗಡಿಗೆ ನಡೆಯುತ್ತಾರೆ. ಅಲ್ಲಿ ಒಂದೇ ಮಾತಿನಲ್ಲಿ ಏನೂ ಆಗೂದಿಲ್ಲ ಅಂತ ಹೇಳುತ್ತಾರೆ. ಈ ವರ್ಷ ಕೆಲಸ ಕಡಿಮೆ ಬಂದಿದೆ, ಸುಳ್ಳು ಯಾಕೆ ಹೇಳಲಿ. ಮಗ ಬೈಯುತ್ತಾನೆ. ಚೀಟಿ ಬಿಡು, ಬಾಯಿಂದ ಹೇಳು ಸಾಕು ಅಂತಾನೆ. ಅವನು ಹೇಳೋದರಲ್ಲೂ ಹುರುಳಿದೆ, ಇನ್ನೂ ತೀರ್ಮಾನ ಮಾಡಿಲ್ಲ.

ದೀಪಾವಳಿಗೆ ಹುಡುಗ ಮತ್ತೆ ಬಂದಿದ್ದ, ಗಾಡಿ ಸಂಗಡ. ಹಳ್ಳದಲ್ಲಿ ಈಗ ಮೊಣಕಾಲಿನಷ್ಟು ತಿಳಿನೀರು. ಗಾಡಿಯ ಹಿಂದಿನ ಬಂಪರಿಗೆ ಮೀನಿನ ಗಾಳದ ಹುರಿ ಕಟ್ಟಿದ್ದೆ, ಇನ್ನೊಂದು ತುದಿ ನನ್ನ ಕೈಯಲ್ಲಿ. ಅವನಿಗೆ ಸೇರಲಿಲ್ಲ. "ಕಲ್ಲಿಗೆ ಸಿಕ್ಕೊಂತೈತಿ ಮಾಮಾ, ಏರಾಕ ಬಿಡವಲ್ದು" ಅಂತ ಒಂದೇ ಸಮ ಗೊಣಗುತ್ತಿದ್ದ. ಖರೇನೇ, ಎರಡು ಸಲ ಸಿಕ್ಕಿಕೊಂಡಿತು. ಬಿಡಿಸಲು ಇಬ್ಬರೂ ಚಪ್ಪಲಿ ಬಿಟ್ಟು ಇಳಿದೆವು.